ಮೊಡೆನಾದ ಸುತ್ತಿಗೆ, ಡೆಟ್ರಾಯಿಟ್‌ನ ಎರಕ

ಸೋಮವಾರ, ಮೊಡೆನಾ

ಬೊಲೊನ್ಯಾದಿಂದ ಹೊರಟ ರೈಲು ಪೋ ನದಿಯ ಬಯಲಿನಲ್ಲಿ ಅರ್ಧ ಗಂಟೆ ಓಡಿ ಮೊಡೆನಾ ತಲುಪಿತು. ದ್ರಾಕ್ಷಿ ತೋಟ, ಹೈನುಗಾರಿಕೆ, ಹೆಂಚಿನ ಮನೆಗಳ ಈ ಸಮತಟ್ಟು ನಾಡಿನಲ್ಲಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು ಕಾರಿನಲ್ಲಿ ಒಂದು ಗಂಟೆ ಸಾಕಾಗುವಷ್ಟು ಜಾಗದೊಳಗೆ, ಫೆರಾರಿ, ಮಸೆರಾಟಿ, ಲಂಬೋರ್ಗಿನಿ, ಡಿ ಟೊಮಾಸೊ ಎಂಬ ನಾಲ್ಕು ಹೆಸರುಗಳು ಬೆಳೆದವು. ಅವುಗಳ ಇಂದಿನ ಕಾರುಗಳನ್ನು ನೋಡಲು ನಾನು ಬಂದಿರಲಿಲ್ಲ. 1950ರ ದಶಕದಿಂದ 1967ರವರೆಗೆ ಇಲ್ಲಿ ತಯಾರಾದ ಸ್ಪೋರ್ಟ್ಸ್ ಕಾರುಗಳನ್ನು ಅವು ಹುಟ್ಟಿದ ಊರಿನಲ್ಲೇ ನೋಡಿ, ಅಲ್ಲಿಂದ ನೇರವಾಗಿ ಅಮೆರಿಕಕ್ಕೆ ಹೋಗಿ, ಅದೇ ವರ್ಷಗಳ ಅಮೆರಿಕನ್ ಕಾರುಗಳನ್ನು ಅವುಗಳ ನೆಲದಲ್ಲಿ ನೋಡಬೇಕೆಂಬುದು ನನ್ನ ಬಹುಕಾಲದ ಆಸೆಯಾಗಿತ್ತು. ಇಟಲಿಯ ಕಾರೆಂದರೆ ಕಲೆ, ಅಮೆರಿಕದ ಕಾರೆಂದರೆ ಬರೀ ಬಲ ಎಂಬ ಮಾತನ್ನು ಕಾರುಪ್ರಿಯರ ನಡುವೆ ಮತ್ತೆ ಮತ್ತೆ ಕೇಳಿದ್ದೇನೆ. ನೆನಪು ಮಾಸುವ ಮೊದಲೇ ಎರಡನ್ನೂ ನೋಡಿದರೆ ಆ ಮಾತು ನಿಲ್ಲುತ್ತದೆಯೇ ಎಂದು ತಿಳಿಯಬೇಕಾಗಿತ್ತು.

ನಿಲ್ದಾಣದಿಂದ ಸ್ವಲ್ಪ ನಡೆದರೆ ಎಂಜೊ ಫೆರಾರಿ ವಸ್ತುಸಂಗ್ರಹಾಲಯ ಸಿಗುತ್ತದೆ. 1898ರ ಫೆಬ್ರುವರಿಯಲ್ಲಿ ಫೆರಾರಿ ಕಂಪನಿಯ ಸ್ಥಾಪಕ ಎಂಜೊ ಹುಟ್ಟಿದ ಮನೆಯೂ ಅವರ ತಂದೆಯ ಲೋಹ ಕೆಲಸದ ಕಾರ್ಯಾಗಾರವೂ ಇಲ್ಲಿ ಉಳಿದಿವೆ. ಅದರ ಪಕ್ಕದಲ್ಲಿ 2012ರಲ್ಲಿ ತೆರೆದ ಹೊಸ ಕಟ್ಟಡದ ಹಳದಿ ಅಲ್ಯೂಮಿನಿಯಂ ಛಾವಣಿಗೆ ಕಾರಿನ ಬಾನೆಟ್ಟಿನ ಆಕಾರವಿದೆ. ಅದನ್ನು ರೂಪಿಸಿದ ಝೆಕ್ ಮೂಲದ ವಾಸ್ತುಶಿಲ್ಪಿ ಯಾನ್ ಕಪ್ಲಿಟ್ಸ್ಕಿ ಕೆಲಸ ಮುಗಿಯುವ ಮೊದಲೇ, 2009ರಲ್ಲಿ, ತೀರಿಕೊಂಡರು. ಹಳದಿ ಮೊಡೆನಾ ನಗರದ ಬಣ್ಣ. ಫೆರಾರಿಯ ಲಾಂಛನದಲ್ಲಿ ಕಪ್ಪು ಕುದುರೆಯ ಹಿಂದೆ ಇರುವುದೂ ಅದೇ.

ನನ್ನನ್ನು ಈ ಊರಿಗೆ ಎಳೆದು ತಂದದ್ದು ಮಾತ್ರ ಇಲ್ಲಿನ ತಗಡಿನ ಕೆಲಸ. ಯುದ್ಧಾನಂತರದ ಮೊಡೆನಾದಲ್ಲಿ ಕಾರಿನ ಮೈ ಕಟ್ಟುವ ಸಣ್ಣ ಸಣ್ಣ ಕಾರ್ಖಾನೆಗಳು ಹಲವಿದ್ದವು. ಅವುಗಳಲ್ಲಿ ಹೆಸರಾದದ್ದು ಸೆರ್ಜಿಯೊ ಸ್ಕಾಲಿಯೆಟ್ಟಿ ಅವರದು. ಅಲ್ಯೂಮಿನಿಯಂ ಹಾಳೆಯನ್ನು ಮರಳು ತುಂಬಿದ ಚರ್ಮದ ಚೀಲದ ಮೇಲಿಟ್ಟು, ನಮ್ಮ ಕಂಚುಗಾರರು ಹಂಡೆಯ ಹೊಟ್ಟೆಯನ್ನು ತಟ್ಟಿ ಉಬ್ಬಿಸುವ ಹಾಗೆ, ಸುತ್ತಿಗೆಯಿಂದ ಬಡಿದು ಬಡಿದು ತಿರುವು ಕೊಡುತ್ತಿದ್ದರು. ವಿವರವಾದ ನಕ್ಷೆಗಿಂತ ಕಣ್ಣಳತೆಯೇ ಮುಖ್ಯವಾಗಿದ್ದ ಕೆಲಸ ಅದು. ಹೀಗಾಗಿ ಒಂದೇ ಮಾದರಿಯ ಎರಡು ಕಾರುಗಳನ್ನು ಅಳೆದರೆ ಎಡಬಲಗಳಲ್ಲೇ ವ್ಯತ್ಯಾಸ ಕಾಣುತ್ತದೆ. ನಮ್ಮೂರಿನ ಗ್ಯಾರೇಜುಗಳಲ್ಲಿ ಟಿಂಕರಿಂಗ್ ಎಂದು ಕರೆಯುವ ಕೆಲಸವನ್ನು ಕಂಡವರಿಗೆ ಇದರ ಕಷ್ಟ ತಿಳಿಯುತ್ತದೆ: ನಜ್ಜುಗುಜ್ಜಾದ ತಗಡನ್ನು ಹಳೆಯ ಆಕಾರಕ್ಕೆ ತರುವುದೇ ಒಂದು ವಿದ್ಯೆ, ಏನೂ ಇಲ್ಲದ ಹಾಳೆಯಿಂದ ಆಕಾರ ಹುಟ್ಟಿಸುವುದು ಅದಕ್ಕಿಂತ ದೊಡ್ಡ ವಿದ್ಯೆ.

ಈ ಸುತ್ತಿಗೆಗಳು ಇಟಲಿಯ ಕಾರುಗಳಿಗೆ ಮಾತ್ರ ದುಡಿಯಲಿಲ್ಲ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. 1959ರಲ್ಲಿ ಟೆಕ್ಸಸ್‌ನ ಗ್ಯಾರಿ ಲಾಫ್ಲಿನ್, ಕ್ಯಾರಲ್ ಶೆಲ್ಬಿ, ಜಿಮ್ ಹಾಲ್ ಎಂಬ ಮೂವರು ರೇಸ್‌ಪ್ರಿಯರು ಶೆವ್ರೊಲೆ ಕಾರ್ವೆಟ್ಟಿನ ಮೂರು ಚಾಸಿಗಳನ್ನು ಸ್ಕಾಲಿಯೆಟ್ಟಿ ಕಾರ್ಖಾನೆಗೆ ಕಳುಹಿಸಿ, ಅವುಗಳ ಮೇಲೆ ಅಲ್ಯೂಮಿನಿಯಂ ಮೈ ಕಟ್ಟಿಸಿದರು. ಫೆರಾರಿಯ ಉಡುಪು ತೊಟ್ಟ ಅಮೆರಿಕನ್ ಕಾರುಗಳು ಅವು. ಮೂರಕ್ಕೇ ಯೋಜನೆ ನಿಂತಿತು. ಆದರೆ ಕೆಲವೇ ವರ್ಷಗಳ ನಂತರ ಅದೇ ಶೆಲ್ಬಿ ಮತ್ತೆ ಮೊಡೆನಾಕ್ಕೆ ಬಂದರು, ಈ ಸಲ ಫೆರಾರಿಯನ್ನೇ ಸೋಲಿಸುವ ಕಾರಿಗಾಗಿ. ಅವರ ಡೇಟೋನಾ ಕೂಪೆ ಎಂಬ ರೇಸ್ ಕಾರಿನ ಆರು ಪ್ರತಿಗಳಲ್ಲಿ ಮೊದಲನೆಯದು ಕ್ಯಾಲಿಫೋರ್ನಿಯಾದಲ್ಲಿ ತಯಾರಾಯಿತು. ಉಳಿದ ಐದರ ಮೈ ಕಟ್ಟಿದ್ದು ಮೊಡೆನಾದ ಗ್ರಾನ್ ಸ್ಪೋರ್ಟ್ ಎಂಬ ಕಾರ್ಖಾನೆ. ಫೆರಾರಿ ಕಾರ್ಖಾನೆಯಿಂದ 20 ಕಿಲೋಮೀಟರ್ ದೂರವೂ ಇಲ್ಲದ ಊರಿನಲ್ಲಿ, ಅದೇ ಪರಂಪರೆಯ ಕೈಗಳು, ಫೆರಾರಿಯ ಎದುರಾಳಿಯನ್ನು ಬಡಿದು ರೂಪಿಸಿದವು. ಇದನ್ನು ತಿಳಿದ ಮೇಲೆ ಕಲೆ ಆ ಕಡೆ, ಬಲ ಈ ಕಡೆ ಎಂಬ ವಿಂಗಡಣೆ ನನಗೆ ಮೊದಲ ದಿನವೇ ಸಡಿಲವಾಗಿ ಕಾಣತೊಡಗಿತು.

ಸಂಜೆ ಊರಿನ ಪಶ್ಚಿಮಕ್ಕಿರುವ ಎಂಜೊ ಫೆರಾರಿ ಉದ್ಯಾನದಲ್ಲಿ ನಡೆದಾಡಿದೆ. ಒಂದು ಕಾಲಕ್ಕೆ ಇದು ವಿಮಾನ ಇಳಿದಾಣವೂ ರೇಸ್ ಪಥವೂ ಆಗಿತ್ತು. ಫೆರಾರಿ, ಮಸೆರಾಟಿ ಎರಡೂ ತಮ್ಮ ಕಾರುಗಳನ್ನು ಇಲ್ಲಿಯೇ ಓಡಿಸಿ ನೋಡುತ್ತಿದ್ದವು. ಈಗ ಮಕ್ಕಳು ಸೈಕಲ್ ಕಲಿಯುತ್ತಾರೆ.

ಮಂಗಳವಾರ, ಮರನೆಲ್ಲೊ

ಯುದ್ಧದ ನಡುವೆ, 1943ರಲ್ಲಿ, ಎಂಜೊ ತಮ್ಮ ಕಾರ್ಖಾನೆಯನ್ನು ಮೊಡೆನಾದಿಂದ ದಕ್ಷಿಣದ ಮರನೆಲ್ಲೊ ಎಂಬ ಹಳ್ಳಿಗೆ ಸಾಗಿಸಿದರು. ಫೆರಾರಿ ಹೆಸರಿನ ಮೊದಲ ಕಾರು, 125 ಎಸ್, 1947ರಲ್ಲಿ ಇಲ್ಲಿಂದ ಹೊರಬಂತು. ಅದರ ಎಂಜಿನ್ ಒಟ್ಟು ಒಂದೂವರೆ ಲೀಟರ್. ಆದರೂ ಅದರೊಳಗೆ 12 ಸಿಲಿಂಡರ್. ಯುದ್ಧದಲ್ಲಿ ನುಚ್ಚುನೂರಾದ ದೇಶದಲ್ಲಿ ಒಬ್ಬ ಮನುಷ್ಯ ಇಷ್ಟು ಸಂಕೀರ್ಣ ಎಂಜಿನ್ನಿನಿಂದಲೇ ಆರಂಭಿಸುತ್ತೇನೆ ಎಂದು ಹೊರಟದ್ದು ಇಂದಿಗೂ ನನ್ನನ್ನು ಬೆರಗುಗೊಳಿಸುತ್ತದೆ. ಅದನ್ನು ವಿನ್ಯಾಸಗೊಳಿಸಿದ ಜೋಕಿನೊ ಕೊಲೊಂಬೊ ಕೆಲವೇ ವರ್ಷಗಳಲ್ಲಿ ಫೆರಾರಿಯನ್ನು ತೊರೆದರೂ, ಅವರ ಎಂಜಿನ್ ಬೆಳೆಯುತ್ತಾ ಬೆಳೆಯುತ್ತಾ ದಶಕಗಳ ಕಾಲ ಬಳಕೆಯಲ್ಲಿತ್ತು.

ಮರನೆಲ್ಲೊ ವಸ್ತುಸಂಗ್ರಹಾಲಯದಲ್ಲಿ ಬಹಳ ಹೊತ್ತು ನಾನು ನಿಂತದ್ದು ಆ ಎಂಜಿನ್ನಿನ ಮೂರು ಲೀಟರ್ ರೂಪದ ಮುಂದೆ. 250 ಎಂಬ ಸಂಖ್ಯೆ ಒಂದೊಂದು ಸಿಲಿಂಡರಿನ ಗಾತ್ರವನ್ನು ಸೂಚಿಸುತ್ತದೆ: ಒಂದಕ್ಕೆ ಸುಮಾರು 246 ಸಿಸಿ, ಒಟ್ಟು 2,953 ಸಿಸಿ. ಸಿಲಿಂಡರಿನ ವ್ಯಾಸ 73 ಮಿಲಿಮೀಟರ್, ಪಿಸ್ಟನ್ ಏರಿಳಿಯುವ ದೂರ 58.8 ಮಿಲಿಮೀಟರ್. ಪಿಸ್ಟನ್ನುಗಳು ಅಂಗೈಯಲ್ಲಿ ಅಡಗುವಷ್ಟು ಚಿಕ್ಕವು. ಅವು ಹಗುರವಾಗಿರುವುದರಿಂದ ಎಂಜಿನ್ ನಿಮಿಷಕ್ಕೆ 7,500 ಸುತ್ತು ತಿರುಗಿ, 250 ಜಿಟಿಒ ಎಂಬ ಕಾರಿನಲ್ಲಿ 300 ಅಶ್ವಶಕ್ತಿ ಕೊಡುತ್ತಿತ್ತು. ಲೀಟರಿಗೆ 100 ಅಶ್ವಶಕ್ತಿ ಎಂಬುದು 1962ರ ಮಟ್ಟಿಗೆ ಅಸಾಮಾನ್ಯ ಸಾಧನೆ.

ಚಿಕ್ಕ ಎಂಜಿನ್ನಿನಿಂದ ಇಷ್ಟೊಂದು ಹಿಂಡಿ ತೆಗೆಯುವ ಈ ಹಟಕ್ಕೆ ಕಾರಣಗಳಿವೆ. ಇಟಲಿಯಲ್ಲಿ ಎಂಜಿನ್ ದೊಡ್ಡದಾದಷ್ಟೂ ತೆರಿಗೆ ಹೆಚ್ಚು, ಪೆಟ್ರೋಲು ದುಬಾರಿ, ರೇಸಿನ ವರ್ಗಗಳೂ ಲೀಟರ್ ಲೆಕ್ಕದಲ್ಲೇ ಇದ್ದವು. 1958ರಲ್ಲಿ ವಿಶ್ವ ಸ್ಪೋರ್ಟ್ಸ್ ಕಾರ್ ಚಾಂಪಿಯನ್‌ಶಿಪ್ಪಿಗೆ ಮೂರು ಲೀಟರ್ ಮಿತಿ ಬಂದಾಗ ಕೊಲೊಂಬೊ ಎಂಜಿನ್ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಗಾತ್ರಕ್ಕೆ ಬೇಲಿ ಹಾಕಿದ ದೇಶದ ಎಂಜಿನಿಯರು ವೇಗವಾಗಿ ತಿರುಗುವುದನ್ನೇ ಕಲಿಯಬೇಕಾಯಿತು.

ಜಿಟಿಒ ಕಾರಿನ ಹುಟ್ಟಿನ ಕಥೆಯಲ್ಲಿ ಜಗಳವೂ ಇದೆ. ಅದನ್ನು ಆರಂಭಿಸಿದ ಜೊಟ್ಟೊ ಬಿಝಾರಿನಿ ಸೇರಿದಂತೆ ಹಲವು ಹಿರಿಯರು 1961ರ ಕೊನೆಯಲ್ಲಿ ಎಂಜೊ ಜೊತೆ ಮನಸ್ತಾಪವಾಗಿ ಹೊರಬಿದ್ದರು. ಉಳಿದ ಕೆಲಸವನ್ನು ಆಗಿನ್ನೂ ತರುಣನಾಗಿದ್ದ ಮೌರೊ ಫೊರ್ಗಿಯೆರಿ ಮುಗಿಸಿದರು. ಮೈಯನ್ನು ಸ್ಕಾಲಿಯೆಟ್ಟಿ ಕಾರ್ಖಾನೆ ಕಟ್ಟಿತು. ರಸ್ತೆಯಲ್ಲೂ ಓಡಬಲ್ಲ ಕಾರುಗಳ ಜಿಟಿ ಎಂಬ ರೇಸ್ ವರ್ಗದಲ್ಲಿ ಓಡಲು ಒಂದೇ ಮಾದರಿಯ 100 ಕಾರು ತಯಾರಾಗಿರಬೇಕೆಂಬ ನಿಯಮವಿದ್ದರೂ, ಇದು ಹಳೆಯ 250 ಜಿಟಿಯ ಪರಿಷ್ಕೃತ ರೂಪವಷ್ಟೇ ಎಂದು ವಾದಿಸಿ ಫೆರಾರಿ ಒಪ್ಪಿಗೆ ಪಡೆಯಿತು. ಮೂರು ಲೀಟರ್ ಎಂಜಿನ್ನಿನ 36 ಕಾರುಗಳು ಮಾತ್ರ ಹೊರಬಂದವು. 1962, 1963, 1964, ಮೂರೂ ವರ್ಷ ಜಿಟಿ ತಯಾರಕರ ಪ್ರಶಸ್ತಿ ಫೆರಾರಿಗೇ ಹೋಯಿತು.

2023ರಲ್ಲಿ ಒಂದು ಜಿಟಿಒ ನ್ಯೂಯಾರ್ಕ್ ಹರಾಜಿನಲ್ಲಿ 5 ಕೋಟಿ 17 ಲಕ್ಷ ಡಾಲರಿಗೆ ಮಾರಾಟವಾಯಿತು. ಈ ಬೆಲೆಯ ಸುದ್ದಿ ಕಾರಿನ ನಿಜವಾದ ಗುಣವನ್ನು ಮುಚ್ಚಿಹಾಕುತ್ತದೆ ಎಂದು ನನ್ನ ಅಭಿಪ್ರಾಯ. ಜಿಟಿಒ ಎಲ್ಲ ವಿಷಯಗಳಲ್ಲೂ ತನ್ನ ಕಾಲಕ್ಕಿಂತ ಮುಂದಿದ್ದ ಕಾರಲ್ಲ. ಅದರ ಹಿಂದಿನ ಚಕ್ರಗಳು ಲಾರಿಗಳಲ್ಲಿರುವಂತೆ ಒಂದೇ ಗಟ್ಟಿ ಆ್ಯಕ್ಸಲಿಗೆ ಜೋಡಿಸಿದ್ದವು. ಅದನ್ನು ಹೊತ್ತದ್ದು ಲೀಫ್ ಸ್ಪ್ರಿಂಗ್, ಅಂದರೆ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್. ಹಳೆಯ ಉಪಾಯಗಳನ್ನೇ ತಿದ್ದಿ ತೀಡಿ ಅವುಗಳ ತುತ್ತತುದಿಗೆ ಒಯ್ದ ಕಾರು ಅದು, ಮತ್ತು ಆ ತಿದ್ದುವಿಕೆಯ ಸೊಗಸೇ ಅದರ ಹಿರಿಮೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಅಮೆರಿಕದಲ್ಲಿ ಕಾರ್ವೆಟ್ ತಯಾರಾಗುವ ಕೆಂಟಕಿಗೆ ಹೋಗಬೇಕಿತ್ತು.

ಬುಧವಾರ, ಸಾಂತಾಗತ ಬೊಲೊನ್ಯೇಜೆ

ಟ್ರ್ಯಾಕ್ಟರ್ ತಯಾರಿಸಿ ಹಣ ಮಾಡಿದ್ದ ಫೆರುಚೊ ಲಂಬೋರ್ಗಿನಿ 1963ರಲ್ಲಿ ಈ ಹಳ್ಳಿಯಲ್ಲಿ ಕಾರು ಕಂಪನಿ ಆರಂಭಿಸಿದರು. ಅವರ ಮೊದಲ ವಿ12 (ಎರಡು ಸಾಲುಗಳಲ್ಲಿ 12 ಸಿಲಿಂಡರುಗಳ) ಎಂಜಿನ್ನನ್ನು ವಿನ್ಯಾಸಗೊಳಿಸಿದವರು ಫೆರಾರಿಯಿಂದ ಹೊರಬಂದ ಅದೇ ಬಿಝಾರಿನಿ. 1966ರ ಮಿಯುರಾ ಕಾರಿನಲ್ಲಿ ಆ ಎಂಜಿನ್ ನಾಲ್ಕು ಲೀಟರಿನ ಹತ್ತಿರಕ್ಕೆ ಬೆಳೆದು, ಚಾಲಕನ ಬೆನ್ನ ಹಿಂದೆ ಅಡ್ಡಲಾಗಿ ಕುಳಿತಿತು. ಬೆರ್ಟೋನೆ ಸಂಸ್ಥೆಯ ಮಾರ್ಚೆಲ್ಲೊ ಗಾಂದಿನಿ ರೂಪಿಸಿದ ಅದರ ಮೈಯನ್ನು ಸುತ್ತಲೂ ನಡೆದು ನೋಡಿದೆ. ನೆಲಕ್ಕೆ ಅಂಟಿದಷ್ಟು ಕುಳ್ಳಗಿನ ಆ ಕಾರಿನ ಹಿಂಗಾಲಿನ ಉಬ್ಬು ಮುಂಭಾಗಕ್ಕೆ ಇಳಿದು ಬರುವ ರೇಖೆಯಲ್ಲಿ ಎಲ್ಲೂ ಅನುಮಾನವಿಲ್ಲ.

ಮಿಯುರಾಕ್ಕಿಂತ ಹೆಚ್ಚಾಗಿ ಅಂದು ನನ್ನ ತಲೆಯಲ್ಲಿ ಉಳಿದದ್ದು ಬಿಝಾರಿನಿ ಅವರ ಮುಂದಿನ ಹೆಜ್ಜೆ. ಫೆರಾರಿಯ ಅತಿ ಸೂಕ್ಷ್ಮ ಎಂಜಿನ್ನನ್ನು ಒಳಹೊರಗು ಬಲ್ಲ ಈ ಮನುಷ್ಯ, ಮಿಲಾನ್ ಬಳಿಯ ಇಸೊ ಕಂಪನಿಗಾಗಿ ಗ್ರಿಫೊ ಕಾರನ್ನು ರೂಪಿಸುವಾಗ ಆರಿಸಿಕೊಂಡದ್ದು ಅಮೆರಿಕದ ಕಾರ್ವೆಟ್ಟಿನ ವಿ8. ಕೈಗೆ ಸಿಗುವ ಬೆಲೆ, ಎಲ್ಲೆಂದರಲ್ಲಿ ಸಿಗುವ ಬಿಡಿಭಾಗ, ಬೇಕಾದಷ್ಟು ಶಕ್ತಿ, ಇವನ್ನೆಲ್ಲ ತೂಗಿ ನೋಡಿದ ಎಂಜಿನಿಯರ್ ಮಾಡಿದ ಆಯ್ಕೆ ಅದು. ಮೊಡೆನಾದ ಡಿ ಟೊಮಾಸೊ ಕೂಡ ಇದೇ ದಾರಿ ಹಿಡಿಯಿತು. 1971ರ ಹೊತ್ತಿಗೆ ಅದರ ಪಾಂತೆರಾ ಕಾರು ಫೋರ್ಡ್ ವಿ8 ಹೊತ್ತು ಅಮೆರಿಕದ ಲಿಂಕನ್ ಮರ್ಕ್ಯುರಿ ಅಂಗಡಿಗಳಲ್ಲಿ ಮಾರಾಟಕ್ಕಿತ್ತು.

ಗುರುವಾರ, ಬೊಲೊನ್ಯಾ

ವಿಮಾನ ಮಧ್ಯಾಹ್ನಕ್ಕಿತ್ತು. ಬೆಳಿಗ್ಗೆ ಕಮಾನು ಸಾಲುಗಳ ಕೆಳಗೆ ನಡೆಯುವಾಗ ಈ ಊರಿನ ಎದೋಅರ್ದೊ ವೆಬರ್ ಅವರನ್ನು ನೆನೆದೆ. 1923ರಲ್ಲಿ ಅವರು ಇಲ್ಲಿ ಆರಂಭಿಸಿದ ಕಂಪನಿಯ ಕಾರ್ಬ್ಯುರೇಟರುಗಳೇ ಫೆರಾರಿಯ ಉಸಿರು: ಜಿಟಿಒ ಎಂಜಿನ್ನಿನ ಮೇಲೆ ಆರು ವೆಬರ್‌ಗಳು, ಒಂದೊಂದಕ್ಕೂ ಎರಡು ಬಾಯಿ, ಅಂದರೆ ಸಿಲಿಂಡರಿಗೊಂದು. ಶೆಲ್ಬಿಯವರ ರೇಸ್ ಕಾರುಗಳಲ್ಲೂ ಫೋರ್ಡ್ ವಿ8ರ ಮೇಲೆ ನಾಲ್ಕು ವೆಬರ್‌ಗಳಿದ್ದವು. ಅಮೆರಿಕದ ಕಬ್ಬಿಣಕ್ಕೆ ಗಾಳಿ ಪೆಟ್ರೋಲು ಬೆರೆಸಿ ಉಣಿಸಿದ್ದು ಬೊಲೊನ್ಯಾದ ಹಿತ್ತಾಳೆಯ ಜೆಟ್ಟುಗಳು.

ಶನಿವಾರ, ಡಿಯರ್‌ಬಾರ್ನ್

ಡೆಟ್ರಾಯಿಟ್ ಬಳಿಯ ಟ್ರಾಯ್‌ನಲ್ಲಿ ನನ್ನ ಹೆಂಡತಿಯ ತಮ್ಮ ಇದ್ದಾನೆ. ಎಂಜಿನ್ ಪರೀಕ್ಷೆ ಅವನ ವೃತ್ತಿ. ಅವನ ಜೊತೆ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯಕ್ಕೆ ಹೋದೆ. ಅಲ್ಲಿನ ರೇಸ್ ವಿಭಾಗದಲ್ಲಿ 1967ರಲ್ಲಿ ಫ್ರಾನ್ಸಿನ ಲೆ ಮಾನ್ 24 ಗಂಟೆಗಳ ಓಟ ಗೆದ್ದ ಫೋರ್ಡ್ ಮಾರ್ಕ್ 4 ನಿಂತಿದೆ. ಕೆಂಪು ಬಣ್ಣದ ಆ ಕಾರನ್ನು ಡ್ಯಾನ್ ಗರ್ನಿ, ಎ. ಜೆ. ಫಾಯ್ಟ್ ಓಡಿಸಿದ್ದರು. ಎತ್ತರದ ಗರ್ನಿಯವರ ಹೆಲ್ಮೆಟ್ಟಿಗೆ ಜಾಗ ಸಾಲದೆ ಛಾವಣಿಯಲ್ಲಿ ಮೂಡಿಸಿದ ಗುಳ್ಳೆ ಹಾಗೆಯೇ ಇದೆ.

ಹಿನ್ನೆಲೆ ಕಾರುಪ್ರಿಯರಿಗೆ ಗೊತ್ತಿರುವುದೇ. 1963ರಲ್ಲಿ ಫೋರ್ಡ್ ಕಂಪನಿ ಫೆರಾರಿಯನ್ನು ಕೊಳ್ಳಲು ಮಾತುಕತೆ ನಡೆಸಿತು; ರೇಸಿನ ಮೇಲಿನ ಹಿಡಿತ ಬಿಡಲು ಒಪ್ಪದ ಎಂಜೊ ಕೊನೆಯ ಘಳಿಗೆಯಲ್ಲಿ ಹಿಂದೆ ಸರಿದರು. 1960ರಿಂದ 1965ರವರೆಗೆ ಆರು ವರ್ಷ ಬಿಡದೆ ಲೆ ಮಾನ್ ಗೆದ್ದಿದ್ದ ಫೆರಾರಿಯನ್ನು ಫೋರ್ಡ್ 1966ರಲ್ಲಿ ಮೊದಲ ಮೂರೂ ಸ್ಥಾನ ಪಡೆದು ಸೋಲಿಸಿತು. 1967ರಲ್ಲಿ ಈ ಕೆಂಪು ಕಾರು 388 ಸುತ್ತು ಪೂರೈಸಿತು. ಎರಡನೆಯದಾದ ಫೆರಾರಿ 330 ಪಿ4 ನಾಲ್ಕು ಸುತ್ತು ಹಿಂದಿತ್ತು. ಫೋರ್ಡ್ ಎಂಜಿನ್ ಏಳು ಲೀಟರ್, ಫೆರಾರಿಯದು ನಾಲ್ಕು.

“ಭಾವ, ಎಂಜಿನ್ ದೊಡ್ಡದಿತ್ತು, ಅದಕ್ಕೇ ಗೆದ್ರು ಅಂತ ಎಲ್ಲರೂ ಹೇಳ್ತಾರೆ. ನೀವು ಮೊದಲು ಇದರ ಚಾಸಿ ಬಗ್ಗೆ ಓದಿ” ಎಂದು ಅವನು ಫಲಕದ ಕಡೆಗೆ ಕೈ ತೋರಿಸಿದ. ಮಾರ್ಕ್ 4 ಕಾರಿನ ಚಾಸಿ ಉಕ್ಕಿನ ಕೊಳವೆಗಳದ್ದಲ್ಲ. ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಜೇನುಗೂಡಿನ ರಚನೆಯ ಅಲ್ಯೂಮಿನಿಯಂ ಇಟ್ಟು ಅಂಟಿನಿಂದ ಬೆಸೆದ ಹಲಗೆಗಳು ಅವು. ವಿಮಾನ ತಯಾರಿಕೆಯಿಂದ ಬಂದ ವಿಧಾನ. ಎಂಜಿನ್ನನ್ನು ಪರೀಕ್ಷಾಗಾರದಲ್ಲಿ ಶಕ್ತಿ ಅಳೆಯುವ ಡೈನಮೋಮೀಟರಿನ ಮೇಲೆ ಕೂರಿಸಿ, ಲೆ ಮಾನ್ ಪಥದ ಒಂದೊಂದು ತಿರುವಿನಲ್ಲಿ ಗೇರ್ ಬದಲಿಸುವುದು, ವೇಗ ತಗ್ಗಿಸುವುದು, ಮತ್ತೆ ಏರಿಸುವುದು ಎಲ್ಲವನ್ನೂ ಯಾಂತ್ರಿಕವಾಗಿ ಅನುಕರಿಸಿ, ಗಂಟೆಗಟ್ಟಲೆ ಓಡಿಸಿ, ಮುರಿದದ್ದನ್ನು ಬಲಪಡಿಸಿ ಮತ್ತೆ ಓಡಿಸುತ್ತಿದ್ದರು. “ನಾವು ಈಗಲೂ ಮಾಡೋದು ಅದನ್ನೇ” ಎಂದ. ಮೊಡೆನಾದಲ್ಲಿ ಜ್ಞಾನ ಮೇಸ್ತ್ರಿಯ ಕೈಯಲ್ಲಿ, ಕಣ್ಣಳತೆಯಲ್ಲಿ ಇತ್ತು. ಡಿಯರ್‌ಬಾರ್ನ್‌ನಲ್ಲಿ ಅದು ಪರೀಕ್ಷೆಯ ದಾಖಲೆಗಳಲ್ಲಿತ್ತು. ಎರಡನೆಯದರಲ್ಲಿ ಸೊಗಸು ಕಡಿಮೆ ಎನ್ನುವುದಾದರೆ, ಶ್ರದ್ಧೆ ಕಡಿಮೆಯಿತ್ತೆಂದು ಹೇಳುವ ಹಾಗಿಲ್ಲ.

ನನಗೆ ಇದಕ್ಕಿಂತ ಮುಖ್ಯವೆನಿಸಿದ ಎಂಜಿನ್ ಚಿಕ್ಕದು. 1960ರ ದಶಕದ ಆರಂಭದಲ್ಲಿ ಫೋರ್ಡ್ ತನ್ನ ಸಾಧಾರಣ ಕಾರುಗಳಿಗಾಗಿ ಬೀಡು ಕಬ್ಬಿಣದ ಹೊಸ ವಿ8 ತಂದಿತು. ಮರಳಿನ ಅಚ್ಚುಗಳನ್ನು ಬಹಳ ನಿಖರವಾಗಿ ಮಾಡಿ, ಎರಕದ ಗೋಡೆಗಳನ್ನು ಮೊದಲಿಗಿಂತ ತೆಳ್ಳಗೆ ಹೊಯ್ದದ್ದೇ ಅದರ ವಿಶೇಷ, ಕಬ್ಬಿಣದ್ದಾದರೂ ಹಗುರವಾಗಿತ್ತು. 1964ರ ಏಪ್ರಿಲಿನಲ್ಲಿ 2,368 ಡಾಲರಿನ ಆರಂಭಿಕ ಬೆಲೆಗೆ ಬಂದ ಮಸ್ಟಾಂಗ್ ಕಾರಿನ ಗ್ರಾಹಕರೂ ಸ್ವಲ್ಪ ಹೆಚ್ಚು ಹಣ ಕೊಟ್ಟು ಇದೇ ಕುಟುಂಬದ ಎಂಜಿನ್ ಪಡೆಯಬಹುದಿತ್ತು. ಇದನ್ನೇ ಶೆಲ್ಬಿ 1962ರಲ್ಲಿ ಇಂಗ್ಲೆಂಡಿನ ಎಸಿ ಕಂಪನಿಯ ಪುಟ್ಟ ಕಾರಿನೊಳಗೆ ಕೂರಿಸಿ ಕೋಬ್ರಾ ಮಾಡಿದರು. ಫೆರಾರಿಯ ಎದುರು ನಿಂತ ಎಂಜಿನ್, ಶಾಲಾ ಶಿಕ್ಷಕರೊಬ್ಬರು ಕೊಳ್ಳಬಹುದಾದ ಕಾರಿನ ಎಂಜಿನ್ನಿನ ಸೋದರ. ಇದು ಅಮೆರಿಕದ ನಿಜವಾದ ಸಾಧನೆ ಎಂದು ನಾನು ತಿಳಿಯುತ್ತೇನೆ, ಮತ್ತು ಏಳು ಲೀಟರಿನ ಆರ್ಭಟದ ನಡುವೆ ಇದು ಮರೆತುಹೋಗುತ್ತದೆ.

ಭಾನುವಾರ, ದಾರಿಯಲ್ಲಿ

ಡೆಟ್ರಾಯಿಟ್‌ನಿಂದ ಸಿನ್ಸಿನಾಟಿ, ಲೂಯಿವಿಲ್ ದಾಟಿ ಕೆಂಟಕಿಯ ಬೌಲಿಂಗ್ ಗ್ರೀನ್‌ಗೆ ಇಡೀ ದಿನದ ಪಯಣ. 1956ರ ಕಾನೂನಿನ ನಂತರ ಕಟ್ಟಿದ ಇಂಟರ್‌ಸ್ಟೇಟ್ ಹೆದ್ದಾರಿಗಳು ಗಂಟೆಗಟ್ಟಲೆ ನೇರವಾಗಿ ಸಾಗುತ್ತವೆ. ಅಗ್ಗದ ಪೆಟ್ರೋಲು, ಇಷ್ಟು ಉದ್ದದ ದಾರಿ ಇದ್ದ ದೇಶದಲ್ಲಿ ಮೂರು ಲೀಟರಿನಿಂದ 300 ಅಶ್ವಶಕ್ತಿ ಹಿಂಡುವ ಅಗತ್ಯ ಯಾರಿಗಿತ್ತು? ಗೇರ್ ಬದಲಿಸದೆಯೇ ದಿಬ್ಬ ಏರುವ, ಕಡಿಮೆ ಸುತ್ತಿನಲ್ಲೇ ಎಳೆಯುವ ದೊಡ್ಡ ಎಂಜಿನ್ ಇಲ್ಲಿ ಸಹಜ.

ಸೋಮವಾರ, ಬೌಲಿಂಗ್ ಗ್ರೀನ್

1981ರಿಂದ ಎಲ್ಲ ಕಾರ್ವೆಟ್‌ಗಳೂ ಈ ಊರಿನಲ್ಲೇ ತಯಾರಾಗುತ್ತಿವೆ. ಕಾರ್ಖಾನೆಯ ಹತ್ತಿರದಲ್ಲೇ ರಾಷ್ಟ್ರೀಯ ಕಾರ್ವೆಟ್ ವಸ್ತುಸಂಗ್ರಹಾಲಯವಿದೆ. ಸುಣ್ಣದಕಲ್ಲಿನ ನೆಲದಡಿ ಗುಹೆಗಳು ತುಂಬಿದ ಪ್ರದೇಶ ಇದು. 2014ರ ಫೆಬ್ರುವರಿ 12ರ ನಸುಕಿನಲ್ಲಿ ಸಭಾಂಗಣದ ನೆಲ ಕುಸಿದು ಎಂಟು ಕಾರುಗಳು ಕುಳಿಯೊಳಗೆ ಬಿದ್ದವು. ಎಂಟನ್ನೂ ಮೇಲೆತ್ತಿ, ಮೂರನ್ನು ಮೊದಲಿನಂತೆ ಮಾಡಿ, ಉಳಿದ ಐದನ್ನು ಜಜ್ಜಿದ ಸ್ಥಿತಿಯಲ್ಲೇ ಪ್ರದರ್ಶನಕ್ಕಿಟ್ಟಿದ್ದಾರೆ.

ಕಾರ್ವೆಟ್ಟಿನ ಆರಂಭ ಫೆರಾರಿಯಂತೆ ಉಜ್ವಲವಾಗಿರಲಿಲ್ಲ. 1953ರಲ್ಲಿ ಮಿಷಿಗನ್ನಿನ ಫ್ಲಿಂಟ್‌ನಲ್ಲಿ ತಯಾರಾದ ಮೊದಲ 300 ಕಾರುಗಳೆಲ್ಲ ಬಿಳಿ. ಒಳಗೆ 150 ಅಶ್ವಶಕ್ತಿಯ ಆರು ಸಿಲಿಂಡರ್ ಎಂಜಿನ್, ಎರಡೇ ಗೇರಿನ ಆಟೊಮ್ಯಾಟಿಕ್. ನೋಟವಿತ್ತು, ಸತ್ವವಿರಲಿಲ್ಲ. ಅದಕ್ಕೆ ಸತ್ವ ತುಂಬಿದ್ದು 1955ರಲ್ಲಿ ಬಂದ ಶೆವ್ರೊಲೆ ವಿ8 ಮತ್ತು ಝೋರಾ ಆರ್ಕಸ್ ಡಂಟೊವ್ ಎಂಬ ಎಂಜಿನಿಯರ್. ಬ್ರಸೆಲ್ಸ್‌ನಲ್ಲಿ ರಷ್ಯನ್ ದಂಪತಿಗೆ ಹುಟ್ಟಿ, ಬರ್ಲಿನ್‌ನಲ್ಲಿ ಓದಿ, ಅಮೆರಿಕಕ್ಕೆ ವಲಸೆ ಬಂದವರು ಅವರು. ಅವರ ಚಿತಾಭಸ್ಮ ಇದೇ ಕಟ್ಟಡದಲ್ಲಿದೆ.

1963ರ ಕಾರ್ವೆಟ್ ಸ್ಟಿಂಗ್ ರೇ ಮುಂದೆ ನಿಂತು ಮರನೆಲ್ಲೊದಲ್ಲಿ ಬರೆದುಕೊಂಡಿದ್ದ ಅಂಕಿಗಳನ್ನು ತೆಗೆದೆ. ಹಿಂದಿನ ಗಾಜನ್ನು ಎರಡಾಗಿ ಸೀಳಿದ ಬೆನ್ನೆಲುಬಿನ ಈ ಕೂಪೆ ಜಿಟಿಒ ಕಾರಿನ ಸಮಕಾಲೀನ. ಇದರ 327 ಘನ ಅಂಗುಲದ ಎಂಜಿನ್ ಅಂದರೆ 5,354 ಸಿಸಿ. ಸಿಲಿಂಡರಿನ ವ್ಯಾಸ 101.6 ಮಿಲಿಮೀಟರ್, ಪಿಸ್ಟನ್ನಿನ ಓಟ 82.55 ಮಿಲಿಮೀಟರ್. ಓಟವನ್ನು ವ್ಯಾಸದಿಂದ ಭಾಗಿಸಿದೆ: ಫೆರಾರಿಗೆ 0.805, ಶೆವ್ರೊಲೆಗೆ 0.812. ಪ್ರಮಾಣ ಹೆಚ್ಚುಕಡಿಮೆ ಒಂದೇ! ಮತ್ತೊಂದು ಲೆಕ್ಕ ಇನ್ನೂ ಕುತೂಹಲಕರ. ಗರಿಷ್ಠ ಶಕ್ತಿ ಕೊಡುವಾಗ, ಅಂದರೆ ನಿಮಿಷಕ್ಕೆ 7,500 ಸುತ್ತಿನಲ್ಲಿ, ಫೆರಾರಿಯ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 14.7 ಮೀಟರ್. 360 ಅಶ್ವಶಕ್ತಿಯ ಕಾರ್ವೆಟ್ ಎಂಜಿನ್ 6,000 ಸುತ್ತಿನಲ್ಲಿ ತಿರುಗುವಾಗ ಅದರ ಪಿಸ್ಟನ್ 16.5 ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಸೋಮಾರಿ ಎಂದು ಹೆಸರಾದ ಅಮೆರಿಕನ್ ಎಂಜಿನ್ನಿನ ಪಿಸ್ಟನ್ ಫೆರಾರಿಯದಕ್ಕಿಂತ ಹೆಚ್ಚು ಬೆವರು ಸುರಿಸುತ್ತಿತ್ತು. ಅಮೆರಿಕದವರು ಆಗ ಶಕ್ತಿಯನ್ನು ಫ್ಯಾನು, ಸೈಲೆನ್ಸರ್ ಮುಂತಾದವನ್ನು ಕಳಚಿಟ್ಟು ಅಳೆಯುತ್ತಿದ್ದರು, ಆದ್ದರಿಂದ 360 ಎಂಬ ಅಂಕಿಯಿಂದ ಸಾಕಷ್ಟು ಕಳೆಯಬೇಕು. ಆದರೂ ಪಿಸ್ಟನ್ನಿನ ಲೆಕ್ಕ ಬದಲಾಗುವುದಿಲ್ಲ.

ವ್ಯತ್ಯಾಸವಿರುವುದು ಹಣ ಎಲ್ಲಿ ಸುರಿದರು ಎಂಬುದರಲ್ಲಿ. ಫೆರಾರಿಯಲ್ಲಿ ಎರಡೂ ಸಾಲು ಸಿಲಿಂಡರುಗಳ ತಲೆಯ ಮೇಲೆ ವಾಲ್ವುಗಳನ್ನು ತೆರೆಯುವ ಒಂದೊಂದು ಕ್ಯಾಮ್‌ಶಾಫ್ಟ್, ಅವನ್ನು ತಿರುಗಿಸಲು ಉದ್ದನೆಯ ಚೈನು. ಶೆವ್ರೊಲೆಯಲ್ಲಿ ಎಂಜಿನ್ನಿನ ನಡುವೆ ಒಂದೇ ಕ್ಯಾಮ್, ಅಲ್ಲಿಂದ ವಾಲ್ವುಗಳಿಗೆ ತಳ್ಳುಕೋಲುಗಳು. ಆ ಕೋಲುಗಳನ್ನು ಟೊಳ್ಳಾಗಿಸಿ ಅವುಗಳೊಳಗಿಂದಲೇ ಎಣ್ಣೆ ಮೇಲಕ್ಕೇರುವಂತೆ ಮಾಡಿದ್ದರು. ವಾಲ್ವುಗಳನ್ನು ಒತ್ತುವ ರಾಕರ್‌ಗಳನ್ನು ಉಕ್ಕಿನ ತಗಡಿನಿಂದ ಪ್ರೆಸ್ಸಿನಲ್ಲಿ ಒತ್ತಿ ತೆಗೆದಿದ್ದರು. ಲಕ್ಷಗಟ್ಟಲೆ ಮಾಡಬಹುದಾದ, ಹಳ್ಳಿಯ ಮೆಕ್ಯಾನಿಕ್ಕೂ ಬಿಚ್ಚಿ ಜೋಡಿಸಬಹುದಾದ ಈ ಸರಳತೆಯನ್ನು ಒರಟುತನ ಎಂದು ಕರೆಯುವುದು ತಪ್ಪು.

ಇನ್ನೂ ಕೆಲವು ಕಡೆ ಪಾತ್ರಗಳೇ ಅದಲುಬದಲಾಗಿವೆ. ಸ್ಟಿಂಗ್ ರೇ ಕಾರಿನ ಹಿಂದಿನ ಎರಡು ಚಕ್ರಗಳು ಒಂದನ್ನೊಂದು ಅವಲಂಬಿಸದೆ ಏರಿಳಿಯುತ್ತವೆ. ಡಂಟೊವ್ ಅವುಗಳ ನಡುವೆ ಒಂದೇ ಅಡ್ಡ ಲೀಫ್ ಸ್ಪ್ರಿಂಗ್ ಇಟ್ಟು ಖರ್ಚು ಉಳಿಸಿದರು. ಜಿಟಿಒ ಕಾರಿನಲ್ಲಿ ಈ ಸ್ವಾತಂತ್ರ್ಯ ಇರಲಿಲ್ಲ. ಫೆರಾರಿ ಕಾರ್ಬ್ಯುರೇಟರ್ ಬಳಸುತ್ತಿದ್ದಾಗ ಕಾರ್ವೆಟ್ಟಿನಲ್ಲಿ 1957ರಿಂದಲೇ ಫ್ಯುಯೆಲ್ ಇಂಜೆಕ್ಷನ್ ಸಿಗುತ್ತಿತ್ತು. ಬ್ರೇಕಿನ ವಿಷಯದಲ್ಲಿ ಮಾತ್ರ ಅಮೆರಿಕ ನಿಜಕ್ಕೂ ಹಿಂದಿತ್ತು: ಫೆರಾರಿಯಲ್ಲಿ ನಾಲ್ಕೂ ಚಕ್ರಕ್ಕೆ ಡಿಸ್ಕ್ ಇದ್ದಾಗ ಕಾರ್ವೆಟ್ ಅದಕ್ಕಾಗಿ 1965ರವರೆಗೆ ಕಾಯಬೇಕಾಯಿತು, ಮತ್ತು ಅಷ್ಟು ಶಕ್ತಿಯ ಕಾರಿಗೆ ಡ್ರಮ್ ಬ್ರೇಕ್ ಕೊಟ್ಟದ್ದನ್ನು ಸಮರ್ಥಿಸಲು ನನಗೆ ಆಗುವುದಿಲ್ಲ. 1963ರ ಒಂದೇ ವರ್ಷದಲ್ಲಿ 21,513 ಸ್ಟಿಂಗ್ ರೇಗಳು ತಯಾರಾದವು. ಬೆಲೆ 4,000 ಡಾಲರಿನಿಂದ ಆರಂಭ. ಒಂದು ಜಿಟಿಒ ಬೆಲೆಗೆ ನಾಲ್ಕು ಬರುತ್ತಿದ್ದವು.

ಶನಿವಾರ, ಫಿಲಡೆಲ್ಫಿಯಾ

ನಡುವಿನ ದಿನಗಳು ಪ್ರಯಾಣ, ಬಂಧುಗಳ ಮನೆಗಳಲ್ಲಿ ಕಳೆದವು. ಫಿಲಡೆಲ್ಫಿಯಾದ ವಿಮಾನ ನಿಲ್ದಾಣದ ಬಳಿಯ ಸಿಮಿಯೋನೆ ವಸ್ತುಸಂಗ್ರಹಾಲಯವನ್ನು ಕಟ್ಟಿದವರು ಫ್ರೆಡರಿಕ್ ಸಿಮಿಯೋನೆ ಎಂಬ ನರಶಸ್ತ್ರಚಿಕಿತ್ಸಕರು; 2022ರಲ್ಲಿ ತೀರಿಕೊಂಡರು. ಹಳೆಯ ರೇಸ್ ಕಾರಿಗೆ ಹೊಸ ಬಣ್ಣ ಬಳಿದು ಹೊಳೆಯಿಸುವುದಕ್ಕಿಂತ ಅದರ ಗಾಯಗಳ ಸಮೇತ ಕಾಪಾಡಬೇಕು ಎಂಬುದು ಅವರ ಗಟ್ಟಿ ನಿಲುವಾಗಿತ್ತು. ಸಂಗ್ರಹವನ್ನು ನೋಡಿದ ಮೇಲೆ ನಾನೂ ಪೂರ್ತಿಯಾಗಿ ಅದನ್ನೇ ಒಪ್ಪುತ್ತೇನೆ.

ಮೊಡೆನಾ, ಡೆಟ್ರಾಯಿಟ್ ಎರಡೂ ಇಲ್ಲಿ ಒಂದೇ ಸೂರಿನಡಿ ಇವೆ. 1958ರ ಫೆರಾರಿ 250 ಟೆಸ್ಟಾ ರೊಸ್ಸಾ ಇದೆ. ಡಂಟೊವ್ ರೇಸಿಗೆಂದೇ ಹಗುರವಾಗಿ ಮಾಡಿಸಿದ, ಕಂಪನಿಯ ರೇಸ್ ನಿಷೇಧದಿಂದಾಗಿ ಐದಕ್ಕೇ ನಿಂತುಹೋದ ಕಾರ್ವೆಟ್ ಗ್ರ್ಯಾಂಡ್ ಸ್ಪೋರ್ಟ್‌ಗಳಲ್ಲಿ ಒಂದು ಇದೆ. ಮತ್ತು ಸಿಎಸ್‌ಎಕ್ಸ್ 2287 ಎಂಬ ಚಾಸಿ ಸಂಖ್ಯೆಯ ಕಾರು ಇದೆ: ಮೊದಲ ಡೇಟೋನಾ ಕೂಪೆ, ಕ್ಯಾಲಿಫೋರ್ನಿಯಾದಲ್ಲಿ ತಯಾರಾದದ್ದು, 2014ರಲ್ಲಿ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ವಾಹನ ನೋಂದಣಿಗೆ ಸೇರಿದ ಮೊಟ್ಟಮೊದಲ ಕಾರು.

ತೆರೆದ ಕೋಬ್ರಾ ವೇಗ ಹೆಚ್ಚಿದಂತೆ ಗಾಳಿಯ ಗೋಡೆಗೆ ಢಿಕ್ಕಿ ಹೊಡೆಯುತ್ತಿತ್ತು. ಲೆ ಮಾನ್‌ನ ಉದ್ದನೆಯ ನೇರ ದಾರಿಯಲ್ಲಿ ಜಿಟಿಒ ಅದನ್ನು ಸುಲಭವಾಗಿ ಹಿಂದಿಕ್ಕುತ್ತಿತ್ತು. ಶೆಲ್ಬಿ ಬಳಿ ಕೆಲಸಕ್ಕಿದ್ದ ತರುಣ ಪೀಟರ್ ಬ್ರಾಕ್, ಜರ್ಮನ್ ವಾಯುಚಲನ ತಜ್ಞರ 1930ರ ದಶಕದ ಬರಹಗಳಿಂದ ಕಲಿತು, ಉದ್ದ ಛಾವಣಿಯನ್ನು ಹಿಂದೆ ಥಟ್ಟನೆ ಕತ್ತರಿಸಿದ ಆಕಾರವೊಂದನ್ನು ಬರೆದರು. ಅದೇ ಎಂಜಿನ್, ಅದೇ ಮೂಲ ಚಾಸಿ, ಆದರೆ ಹೊಸ ಮೈ. 1964ರ ಮಾರ್ಚಿನಲ್ಲಿ ಸೆಬ್ರಿಂಗ್ ಓಟದ ಜಿಟಿ ವರ್ಗವನ್ನು ಇದೇ 2287 ಗೆದ್ದಿತು. ಆ ಜೂನ್ ತಿಂಗಳಲ್ಲಿ ಲೆ ಮಾನ್‌ನ ಜಿಟಿ ವರ್ಗವನ್ನು ಗೆದ್ದದ್ದು ಗರ್ನಿ ಮತ್ತು ಬಾಬ್ ಬಾಂಡುರಾಂಟ್ ಓಡಿಸಿದ 2299, ಮೊಡೆನಾದಲ್ಲಿ ಮೈ ಪಡೆದ ಕಾರು. 1965ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದೇ, ಫ್ರಾನ್ಸಿನ ರ್‍ಹಾಂಸ್‌ನಲ್ಲಿ ಜಿಟಿ ತಯಾರಕರ ಪ್ರಶಸ್ತಿ ಶೆಲ್ಬಿ ತಂಡಕ್ಕೆ ಖಚಿತವಾಯಿತು.

ಮಧ್ಯಾಹ್ನ ಕಟ್ಟಡದ ಹಿಂದಿನ ಅಂಗಳದಲ್ಲಿ ಕೆಲವು ಕಾರುಗಳನ್ನು ಓಡಿಸಿ ತೋರಿಸಿದರು. ವಿ8 ಹತ್ತಿರ ಬಂದಾಗ ಎದೆಯೊಳಗೆ ಗುಡುಗಿದಂತಾಯಿತು. ವಿ12 ಎಂಜಿನ್ನಿನಲ್ಲಿ 60 ಡಿಗ್ರಿಗೊಮ್ಮೆ ಒಂದು ಸಿಲಿಂಡರ್ ಉರಿಯುತ್ತದೆ. ಸದ್ದು ಎಡೆಬಿಡದ ದಾರವಾಗಿ ಏರುತ್ತದೆ. ಅಮೆರಿಕನ್ ವಿ8ನಲ್ಲಿ 90 ಡಿಗ್ರಿಗೊಮ್ಮೆ ಉರಿದರೂ, ಒಂದೊಂದು ಸಾಲಿನೊಳಗೆ ಆ ಅಂತರ ಸಮನಾಗಿರುವುದಿಲ್ಲ. ಎರಡು ಸಿಲಿಂಡರ್ ಬೆನ್ನುಬೆನ್ನಿಗೆ ಉರಿದು ಮುಂದಿನದು ತಡವಾಗುತ್ತದೆ, ಆ ಏರುಪೇರೇ ಎರಡೂ ಬದಿಯ ಸೈಲೆನ್ಸರುಗಳಲ್ಲಿ ಗುಡುಗುಡು ಎನ್ನುತ್ತದೆ. ಎರಡರಲ್ಲಿ ಯಾವುದು ಇಂಪು ಎಂದು ಕೇಳಿದರೆ ನನ್ನ ಮತ ಫೆರಾರಿಗೆ. ಮನೆಯಲ್ಲಿಟ್ಟು, ವಾರಕ್ಕೊಮ್ಮೆ ಓಡಿಸಿ, ಕೆಟ್ಟರೆ ರಿಪೇರಿ ಮಾಡಿಸಿಕೊಂಡು ಬಾಳುವ ಕಾರು ಯಾವುದೆಂದರೆ ಯೋಚಿಸದೆ ಸ್ಟಿಂಗ್ ರೇ ಎನ್ನುತ್ತೇನೆ. ಆದರೆ ಇಡೀ ಪಯಣದಲ್ಲಿ ನಾನು ಹೆಚ್ಚು ಗೌರವದಿಂದ ನೋಡಿದ್ದು ಡೇಟೋನಾ ಕೂಪೆಯನ್ನು. ಇಂಗ್ಲೆಂಡಿನ ಚಾಸಿ, ಫೋರ್ಡ್ ಎರಕ, ಬೊಲೊನ್ಯಾದ ಕಾರ್ಬ್ಯುರೇಟರ್, ಐದರ ಮಟ್ಟಿಗೆ ಮೊಡೆನಾದ ತಗಡು, ಇವೆಲ್ಲ ಸೇರಿ ಆದ ಕಾರಿಗೆ ಒಂದು ದೇಶದ ಚೀಟಿ ಅಂಟಿಸುವುದು ಕಷ್ಟ.

ಆರು ಡೇಟೋನಾ ಕೂಪೆಗಳೂ ಉಳಿದಿವೆ. 2287 ನೋಡಬೇಕೆನ್ನುವವರು ತಿಂಗಳ ಎರಡನೇ ಅಥವಾ ನಾಲ್ಕನೇ ಶನಿವಾರಕ್ಕೆ ಹೊಂದಿಸಿಕೊಂಡು ಫಿಲಡೆಲ್ಫಿಯಾಕ್ಕೆ ಹೋಗುವುದು ಒಳ್ಳೆಯದು, ಏಕೆಂದರೆ ಕಾರುಗಳನ್ನು ಅಂಗಳಕ್ಕೆ ತಂದು ಓಡಿಸುವುದು ಸಾಮಾನ್ಯವಾಗಿ ಆ ದಿನಗಳಲ್ಲಿ. ಬೇಗ ಹೋಗಿ ಮೊದಲು ಟೆಸ್ಟಾ ರೊಸ್ಸಾ, ಆಮೇಲೆ ಗ್ರ್ಯಾಂಡ್ ಸ್ಪೋರ್ಟ್, ಕೊನೆಗೆ ಡೇಟೋನಾ ಎಂಬ ಕ್ರಮದಲ್ಲಿ ನೋಡಿದರೆ ಈ ಮೂರರ ನಡುವಿನ ನಂಟು ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ.